ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿತ್ತು? ಒಂದು ಗಾಳಿ ವಿದ್ಯುತ್ ಕಂಪನಿಯ ಪ್ರಕರಣ

ವಿದ್ಯುತ್ ಕಂಪನಿಗಳಲ್ಲಿ ಮೇಲಿನ ಹುದ್ದೆಗಳಿಗೆ ತಕ್ಕ ಜನರನ್ನು ಹುಡುಕಿಕೊಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದವರ ಜೊತೆಗೂ, ಸೇರಿಸಿಕೊಂಡವರ ಜೊತೆಗೂ ಮೊದಲ ಒಂದೆರಡು ವರ್ಷ ಮಾತುಕತೆ ಇಟ್ಟುಕೊಳ್ಳುತ್ತೇನೆ. ಈ ಪ್ರಕರಣ ಹಾಗೆ ಹತ್ತಿರದಿಂದ ನೋಡಿದ್ದು. ಎರಡೂ ಕಡೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರುಗಳು ನಿಜವಾದವಲ್ಲ. ಕಂಪನಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ಹೊತ್ತಿನಲ್ಲಿ ಯಾರು ಏನು ತೀರ್ಮಾನ ಮಾಡಿದರು ಅನ್ನುವುದು ಮಾತ್ರ ನಡೆದ ಹಾಗೇ ಇದೆ.

ಕಂಪನಿ ಮತ್ತು ಹುದ್ದೆ

ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಸುಮಾರು 200 ಮೆಗಾವ್ಯಾಟ್ ಗಾಳಿ ವಿದ್ಯುತ್ ಘಟಕ. ಅಲ್ಲಿನ ಗಾಳಿಯಂತ್ರಕ್ಕೆ ಊರಿನವರ ಬಾಯಲ್ಲಿ 'ಫ್ಯಾನು'. ಕಂಪನಿ ಕಟ್ಟಿದವರು ಹಣಕಾಸಿನ ಕಡೆಯಿಂದ, ಪ್ರಾಜೆಕ್ಟ್ ಕಡೆಯಿಂದ ಬಂದವರು. ಮೊದಲ ಕೆಲವು ವರ್ಷ ಅವರ ಕೆಲಸವೆಲ್ಲ ಜಮೀನು, ಅನುಮತಿ, ಕ್ರೇನು, ರಸ್ತೆ, ಕಮಿಷನಿಂಗ್. ಹೇಳಿದ ದಿನಕ್ಕೆ ಫ್ಯಾನು ತಿರುಗಿಸಿದವನೇ ಅಲ್ಲಿ ದೊಡ್ಡವನು. ಇದರಲ್ಲಿ ತಪ್ಪೇನಿಲ್ಲ. ಈ ಉದ್ಯಮ ಬೆಳೆದಿದ್ದೇ ಹಾಗೆ.

ಆದರೆ ಕಟ್ಟಿದ ಮೇಲೆ ಅದನ್ನು 25 ವರ್ಷ ಓಡಿಸಬೇಕಲ್ವಾ? ಅದಕ್ಕೆ ಬೇರೆ ಥರದ ಜನ ಬೇಕು ಅಂತ ಎಂ.ಡಿ.ಗೆ ಅನ್ನಿಸಿತು. 'ಹೆಡ್ ಆಫ್ ಆಪರೇಷನ್ಸ್' ಅನ್ನುವ ಹುದ್ದೆ ಮಾಡಿ ನಮ್ಮ ಬಳಿ ಬಂದರು.

ಅವರ ಯೋಚನೆಗೆ ಕಾರಣವಿತ್ತು. ಗಾಳಿ, ಸೋಲಾರ್ ಕರೆಂಟು ಮೂಲೆಯ ವಿಷಯವಾಗಿದ್ದ ಕಾಲ ಹೋಯಿತು. ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ 765 ಕೆವಿ ಲೈನ್ ಮೂಲಕ. ಅಲ್ಲಿಂದ ಆರು ವರ್ಷದೊಳಗೆ ಪಾವಗಡ ಒಂದರಲ್ಲೇ 2,050 ಮೆಗಾವ್ಯಾಟ್ ಸೋಲಾರ್ ನಿಂತಿತು. 2022ರಲ್ಲಿ ರಾಜಸ್ಥಾನದ ಸೋಲಾರ್ ವಲಯದಲ್ಲಿ ಒಂದೇ ಏಟಿಗೆ 1,000 ಮೆಗಾವ್ಯಾಟ್‌ಗಿಂತ ಜಾಸ್ತಿ ಉತ್ಪಾದನೆ ಕಳಚಿಕೊಂಡ ಘಟನೆಗಳು ಮತ್ತೆ ಮತ್ತೆ ನಡೆದವು. ಅಷ್ಟು ದೊಡ್ಡ ಪಾಲು ಹೊತ್ತವರು ಇದ್ದಕ್ಕಿದ್ದಂತೆ ಕೈಬಿಟ್ಟರೆ ಉಳಿದವರ ಮೇಲೆ ಭಾರ ಬೀಳುತ್ತದೆ. ಗಾಳಿ, ಸೋಲಾರ್ ಘಟಕ ನಡೆಸುವವರ ಕೈಯಲ್ಲಿ ಈಗ ಊರೂರಿನ ಆಸ್ಪತ್ರೆ, ನೀರಿನ ಪಂಪು, ರೈಲು ಎಲ್ಲವೂ ಸ್ವಲ್ಪ ಸ್ವಲ್ಪ ಇದೆ. ಆ ಹೊಣೆಯ ಅರಿವು ಇರುವವರು ಬೇಕಾಗಿತ್ತು.

ಕೊನೆಗೆ ಇಬ್ಬರು ಉಳಿದರು. ಒಬ್ಬರು ಕಂಪನಿಯ ಒಳಗಿನವರೇ, ಪ್ರಾಜೆಕ್ಟ್ ಹೆಡ್. ಇನ್ನೊಬ್ಬರನ್ನು ಶೈಲಜಾ ಅನ್ನೋಣ. ಹಾಸನದ ಕಡೆಯವರು, ನಲವತ್ತು ದಾಟಿದ ವಯಸ್ಸು. ಸರ್ಕಾರಿ ಪ್ರಸರಣ ಸಂಸ್ಥೆಯೊಂದರಲ್ಲಿ ಎಇ (ಸಹಾಯಕ ಎಂಜಿನಿಯರ್) ಆಗಿ ಶುರುಮಾಡಿ ಇಇ (ಕಾರ್ಯನಿರ್ವಾಹಕ ಎಂಜಿನಿಯರ್) ತನಕ ಬಂದವರು. ದೋಷ ಕಂಡಾಗ ಲೈನ್ ಕಳಚುವ ರಿಲೇಗಳ ಟೆಸ್ಟಿಂಗ್‌ನಲ್ಲಿ ಬಹಳ ವರ್ಷ, ನಂತರ 220 ಕೆವಿ ಸ್ಟೇಷನ್‌ಗಳ ನಿರ್ವಹಣೆ.

'ಸರ್ಕಾರಿ ಅಭ್ಯಾಸದವರು, ಫೈಲ್ ಕಟ್ಟಿಕೊಂಡು ಕೂರುತ್ತಾರೆ' ಅಂತ ಹೂಡಿಕೆದಾರರ ಕಡೆಯ ಒಬ್ಬ ನಿರ್ದೇಶಕರು ತಕರಾರು ತೆಗೆದರು. ಸಂದರ್ಶನದಲ್ಲಿ ಶೈಲಜಾ ಹೇಳಿದ ಒಂದು ಮಾತು ಆ ತಕರಾರನ್ನು ನಿಲ್ಲಿಸಿತು. ಲೈನ್ ಕ್ಲಿಯರ್ (ಎಲ್‌ಸಿ), ಅಂದರೆ ಕರೆಂಟು ನಿಲ್ಲಿಸಿದ ಲೈನ್ ಮೇಲೆ ಕೆಲಸ ಮಾಡಲು ಕೊಡುವ ಅನುಮತಿಯ ಬಗ್ಗೆ ಅವರು ವಿವರಿಸಿದರು. ಲೈನ್ ಮೇಲೆ ಕೆಲಸ ಮಾಡುವವನು ತನ್ನ ಹೆಸರಿನಲ್ಲಿ ಎಲ್‌ಸಿ ತಗೊಂಡರೆ, ಅವನೇ ಅದನ್ನು ವಾಪಸ್ ಕೊಡುವ ತನಕ ಆ ಲೈನ್ ಚಾರ್ಜ್ ಮಾಡುವ, ಅಂದರೆ ಅದರಲ್ಲಿ ಕರೆಂಟು ಹರಿಸುವ, ಹಾಗಿಲ್ಲ. ಚೀಫ್ ಎಂಜಿನಿಯರ್ ಫೋನ್ ಮಾಡಿದರೂ ಇಲ್ಲ. 'ಆ ಎಲ್‌ಸಿ ಪುಸ್ತಕದಲ್ಲಿ ಜ್ಯೂನಿಯರ್ ಹೆಸರಿದ್ದರೆ ಅಷ್ಟು ಹೊತ್ತು ಅವನೇ ಎಲ್ಲರಿಗಿಂತ ದೊಡ್ಡವನು. ನಾನು ಕಲಿತಿದ್ದು ಆ ಶಿಸ್ತನ್ನು' ಅಂದರು.

ಆಯ್ಕೆ ಆಯಿತು. ಸಂಬಳ ಹಿಂದಿನದಕ್ಕಿಂತ ಎಷ್ಟೋ ಪಾಲು ಹೆಚ್ಚು.

ನೇಮಕಾತಿ ಪತ್ರದಲ್ಲಿದ್ದ ಎರಡು ಸಾಲು

ಮುಂದೆ ನಡೆದಿದ್ದಕ್ಕೆಲ್ಲ ಬೇರು ಇಲ್ಲಿದೆ. ಪತ್ರದ ಪ್ರಕಾರ ಹೆಡ್ ಆಫ್ ಆಪರೇಷನ್ಸ್ ವರದಿ ಮಾಡಬೇಕಾದ್ದು ಕಮರ್ಷಿಯಲ್ ಮುಖ್ಯಸ್ಥರಿಗೆ. ಉತ್ಪಾದನೆ ತಗ್ಗಿಸುವ ಯಾವ ಶಟ್‌ಡೌನ್‌ಗೂ ಆ ಕಮರ್ಷಿಯಲ್ ಮುಖ್ಯಸ್ಥರ ಸಹಿ ಬೇಕು. ಎರಡನೆಯದು, ವರ್ಷದ ಬೋನಸ್ ನಿಂತಿದ್ದು ಎರಡು ಅಳತೆಗಳ ಮೇಲೆ: ಎಷ್ಟು ಯೂನಿಟ್ ಉತ್ಪಾದನೆಯಾಯಿತು, ಯಂತ್ರಗಳು ಎಷ್ಟು ಹೊತ್ತು ಲಭ್ಯವಿದ್ದವು.

ಕಂಪನಿಯ ದೃಷ್ಟಿಯಿಂದ ನೋಡಿದರೆ ಇದು ಸಹಜವೇ. ಕರೆಂಟು ಮಾರಿ ಬಂದ ದುಡ್ಡಿನಿಂದ ಸಾಲದ ಕಂತು ಕಟ್ಟಬೇಕು. ಗಾಳಿ ವಿದ್ಯುತ್ತಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಗಾಲವೇ ಸುಗ್ಗಿ. ಕರ್ನಾಟಕದಲ್ಲಿ 2015ರ ನಿಯಮಗಳು ಬಂದ ಮೇಲೆ ಹದಿನೈದು ನಿಮಿಷಕ್ಕೊಂದರಂತೆ ದಿನಕ್ಕೆ 96 ಅವಧಿಗಳಿಗೆ ಎಷ್ಟು ಉತ್ಪಾದನೆಯಾಗುತ್ತದೆ ಅಂತ ಮುಂಚೆಯೇ ಅಂದಾಜು ಕೊಡಬೇಕು. ಮಿತಿ ಮೀರಿ ತಪ್ಪಿದರೆ ದಂಡ. ಈ ಲೆಕ್ಕವೆಲ್ಲ ಕಮರ್ಷಿಯಲ್ ವಿಭಾಗದ್ದು. ಹಾಗಾಗಿ ಆಪರೇಷನ್ಸ್ ಅವರ ಕೆಳಗಿರಲಿ ಅಂದುಕೊಂಡರು.

ಶೈಲಜಾ ಈ ಸಾಲುಗಳನ್ನು ಓದಿಯೇ ಸಹಿ ಹಾಕಿದ್ದರು. ಸರ್ಕಾರಿ ವ್ಯವಸ್ಥೆಯಲ್ಲಿ ಯಾರು ಯಾರಿಗೆ ವರದಿ ಮಾಡಿದರೂ ಸ್ಟೇಷನ್ ಒಳಗಿನ ಸುರಕ್ಷತೆಯ ಮಾತು ಸ್ಟೇಷನ್‌ನವರದ್ದೇ. ಇಲ್ಲೂ ಹಾಗೇ ಇರುತ್ತದೆ ಅಂತ ಅವರು ಭಾವಿಸಿದ್ದು ಸಹಜ.

ಮೊದಲ ಆರೇಳು ತಿಂಗಳು ಅವರಿಗೆ ಕಷ್ಟ ಕೊಟ್ಟಿದ್ದು ಬೇರೆಯೇ ವಿಷಯ. ಫ್ಯಾನುಗಳ ನಿರ್ವಹಣೆ ಫ್ಯಾನು ಮಾಡಿದ ಕಂಪನಿಯ ಗುತ್ತಿಗೆಯಲ್ಲಿತ್ತು. ಸೈಟಿನ ಹುಡುಗರು ಇವರ ಮಾತಿಗೆ ತಲೆಯಾಡಿಸುತ್ತಿದ್ದರು, ಕೆಲಸ ಮಾತ್ರ ಗುತ್ತಿಗೆದಾರರ ಮ್ಯಾನೇಜರ್ ಹೇಳಿದ ಹಾಗೆ. ಹಿಂದಿನ ಕಡೆ ಒಂದು ಮೆಮೊದಲ್ಲಿ ಮುಗಿಯುತ್ತಿದ್ದ ಕೆಲಸ ಇಲ್ಲಿ ಗುತ್ತಿಗೆ ಕರಾರಿನ ಯಾವ ಕಲಮು ಅನ್ನುವುದರ ಮೇಲೆ ನಿಂತಿತ್ತು. ಶೈಲಜಾ ಆ ದಪ್ಪ ಕರಾರನ್ನು ಪೂರ್ತಿ ಓದಿದರು, ಕಾನೂನು ವಿಭಾಗದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು. ಸರ್ಕಾರಿ ಸಂಸ್ಥೆಗಳಿಂದ ಖಾಸಗಿಗೆ ಬರುವವರಿಗೆ ನಾನು ಈಗ ಮೊದಲು ಹೇಳುವ ಮಾತೇ ಇದು: ಯಂತ್ರ ನಿಮಗೆ ಗೊತ್ತು, ಕರಾರು ಓದುವುದನ್ನು ಕಲಿಯಿರಿ.

ಎಣ್ಣೆಯಲ್ಲಿ ಕಂಡ ಅನಿಲ

ಎಲ್ಲ ಫ್ಯಾನುಗಳ ಕರೆಂಟು 33 ಕೆವಿ ಫೀಡರ್‌ಗಳಲ್ಲಿ ಬಂದು ಒಂದು ಪೂಲಿಂಗ್ ಸ್ಟೇಷನ್ ಸೇರುತ್ತದೆ. ಅಲ್ಲಿ ಎರಡು ಟ್ರಾನ್ಸ್‌ಫಾರ್ಮರ್, ಒಂದೊಂದರ ಸಾಮರ್ಥ್ಯ 125 ಎಂವಿಎ, ಹೆಚ್ಚುಕಡಿಮೆ ಅಷ್ಟೇ ಮೆಗಾವ್ಯಾಟ್. ಅವು 220 ಕೆವಿಗೆ ಏರಿಸಿ ಗ್ರಿಡ್‌ಗೆ ಕಳಿಸುತ್ತವೆ. ಮೂರನೆಯದು ಇಲ್ಲ. ಒಂದು ಕೈಕೊಟ್ಟರೆ ಗಾಳಿ ಎಷ್ಟೇ ಬೀಸಿದರೂ ಸುಮಾರು 120 ಮೆಗಾವ್ಯಾಟ್‌ಗಿಂತ ಜಾಸ್ತಿ ಹೊರಗೆ ಹೋಗುವುದಿಲ್ಲ.

ಮಳೆಗಾಲಕ್ಕೆ ಮೊದಲು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆ ಮಾಡಿಸುವುದು ವಾಡಿಕೆ. ಡಿಜಿಎ ಅನ್ನುತ್ತಾರೆ. ಒಳಗೆ ಎಲ್ಲಾದರೂ ವಿಪರೀತ ಬಿಸಿಯಾದರೆ ಎಣ್ಣೆ ಒಡೆದು ಅನಿಲ ಹುಟ್ಟುತ್ತದೆ. ಯಾವ ಅನಿಲ ಎಷ್ಟಿದೆ ಅನ್ನುವುದರಿಂದ ಒಳಗಿನ ರೋಗ ಊಹಿಸಬಹುದು. ಎಥಿಲೀನ್ ಏರಿದರೆ ಲೋಹ ಬಿಸಿಯಾಗುತ್ತಿದೆ ಅಂತ. ಅಸಿಟಿಲೀನ್ ಕಂಡರೆ ಬಿಸಿ ಇನ್ನೂ ಜೋರಾಗಿದೆ, ಇಲ್ಲವೇ ಕಿಡಿ ಹಾರುತ್ತಿದೆ ಅಂತ. ಎರಡನೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಥಿಲೀನ್ ಏರಿತ್ತು. ಹಿಂದಿನ ವರ್ಷ ಇಲ್ಲದ ಅಸಿಟಿಲೀನ್ ಸ್ವಲ್ಪ ಕಾಣಿಸಿಕೊಂಡಿತ್ತು.

ಒಂದು ವರದಿ ನಂಬಿ ಗಾಬರಿಯಾಗುವವರಲ್ಲ ಶೈಲಜಾ. ಎರಡನೇ ಮಾದರಿಯನ್ನು ತಾವೇ ನಿಂತು ತೆಗೆಸಿದರು. ಗಾಜಿನ ಸಿರಿಂಜ್. ಮೊದಲು ವಾಲ್ವ್‌ನಿಂದ ನಿಂತ ಎಣ್ಣೆಯನ್ನು ಹರಿಯಬಿಟ್ಟು, ಸಿರಿಂಜನ್ನು ಅದೇ ಎಣ್ಣೆಯಲ್ಲಿ ತೊಳೆದು, ಆಮೇಲೆ ನಿಧಾನಕ್ಕೆ ತುಂಬಿಸಬೇಕು. ಒಂದು ಗುಳ್ಳೆ ಗಾಳಿ ಸೇರಿದರೂ ಲೆಕ್ಕ ತಪ್ಪುತ್ತದೆ. ಬಿಸಿಲು ತಾಗದಂತೆ ಡಬ್ಬಿಯಲ್ಲಿಟ್ಟು, ಎಣ್ಣೆಯ ಉಷ್ಣತೆ, ಆ ಹೊತ್ತಿನ ಲೋಡ್ ಎರಡನ್ನೂ ಚೀಟಿಯಲ್ಲಿ ಬರೆದರು. ಲ್ಯಾಬ್‌ನಿಂದ ಬಂದ ಉತ್ತರ: ಎರಡೂ ಅನಿಲ ಮತ್ತಷ್ಟು ಏರಿವೆ. ಇಲ್ಲಿ ಅನಿಲ ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಅನ್ನುವುದೇ ಮುಖ್ಯ.

ಆಗ ಮೇ ತಿಂಗಳ ಕೊನೆ. ಒಳಗೆ ಇಳಿದು ನೋಡಬೇಕು, ಅದಕ್ಕೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಬೇಕು ಅಂತ ಬರೆದರು. ಕಮರ್ಷಿಯಲ್ ಮುಖ್ಯಸ್ಥರ ಉತ್ತರ ಒಂದೇ ಸಾಲು: ಆಷಾಢದ ಗಾಳಿ ಮುಗಿಯಲಿ, ಅಕ್ಟೋಬರ್‌ನಲ್ಲಿ ನೋಡೋಣ.

ಏನೇನು ಮಾಡಿ ನೋಡಿದರು

ಮೊದಲು ಯಾರ ಸಹಿಯೂ ಬೇಡದ ಕೆಲಸ ಮಾಡಿದರು. ಎರಡನೇ ಟ್ರಾನ್ಸ್‌ಫಾರ್ಮರ್ ಮೇಲಿದ್ದ ಕೆಲವು ಫೀಡರ್‌ಗಳನ್ನು ಮೊದಲನೆಯದಕ್ಕೆ ಬದಲಿಸಿದರು. ಒಂದರ ಮೇಲೆ 120, ಇನ್ನೊಂದರ ಮೇಲೆ 80. ಒಂದು ಯೂನಿಟ್ಟೂ ನಷ್ಟವಿಲ್ಲ. ಅನಿಲ ಏರುವ ವೇಗ ತುಸು ಇಳಿಯಿತು. ಲೋಡ್ ಇಳಿದಾಗ ಏರಿಕೆಯೂ ಇಳಿಯಿತು ಅಂದರೆ ಕರೆಂಟು ಹರಿಯುವ ಹಾದಿಯಲ್ಲೇ ಎಲ್ಲೋ ಜೋಡಣೆ ಕೆಟ್ಟಿದೆ ಅಂತ ಅವರ ಅನುಮಾನ ಗಟ್ಟಿಯಾಯಿತು.

ತಯಾರಕರ ಪ್ರತಿನಿಧಿ ಬಂದು ಬೇರೆ ಮಾತು ಹೇಳಿದರು. ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಟ್ಯಾಪ್ ಚೇಂಜರ್‌ನಲ್ಲಿ ಟ್ಯಾಪ್ ಬದಲಾದಾಗಲೆಲ್ಲ ಕಿಡಿ ಏಳುವುದು ಮಾಮೂಲಿ. ಅದರ ಎಣ್ಣೆ ಮುಖ್ಯ ಟ್ಯಾಂಕ್‌ಗೆ ಸೋರಿದರೂ ಅಸಿಟಿಲೀನ್ ಕಾಣುತ್ತದೆ, ಹೆದರಬೇಡಿ ಅಂತ. ಮಾತು ಸುಳ್ಳಲ್ಲ, ಹಾಗಾಗುವುದುಂಟು. ಕಮರ್ಷಿಯಲ್‌ನವರಿಗೆ ಇದು ಸಿಹಿ ಸುದ್ದಿ. ಶೈಲಜಾ ವಾದಕ್ಕಿಳಿಯಲಿಲ್ಲ. ಟ್ಯಾಪನ್ನು ಒಂದೇ ಸ್ಥಾನದಲ್ಲಿ ನಿಲ್ಲಿಸಿ ಹತ್ತು ದಿನ ಬಿಟ್ಟು ಮತ್ತೆ ಮಾದರಿ ತೆಗೆಯೋಣ, ಸೋರಿಕೆಯೇ ಕಾರಣವಾದರೆ ಏರಿಕೆ ನಿಲ್ಲಬೇಕು ಅಂದರು. ನಿಲ್ಲಲಿಲ್ಲ.

ಆಮೇಲೆ ದುಡ್ಡಿನ ಭಾಷೆಯಲ್ಲಿ ಮಾತಾಡಿದರು. ಈಗ ನಿಲ್ಲಿಸಿದರೆ ಕೆಲವು ವಾರಗಳ ಉತ್ಪಾದನೆಯ ಒಂದು ಪಾಲು ನಷ್ಟ. ಸುಟ್ಟರೆ ಹೊಸದು ಬರಲು ಒಂದು ವರ್ಷದ ಹತ್ತಿರ, ಅಂದರೆ ಮುಂದಿನ ಮಳೆಗಾಲವೂ ಹೋದ ಹಾಗೆ. ಸಾವಿರಾರು ಲೀಟರ್ ಎಣ್ಣೆಗೆ ಬೆಂಕಿ ಹತ್ತಿದರೆ ಪಕ್ಕದ ಟ್ರಾನ್ಸ್‌ಫಾರ್ಮರ್ ಗತಿ ಏನು? ಕಂಟ್ರೋಲ್ ರೂಮಿನಲ್ಲಿರುವವರ ಗತಿ ಏನು? ಎಂ.ಡಿ. ಗಮನವಿಟ್ಟು ಕೇಳಿದರು. ಆದರೆ 'ಇಬ್ಬರೂ ಕೂತು ತೀರ್ಮಾನಿಸಿ' ಅಂದುಬಿಟ್ಟರು. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರು ಏನೂ ಮಾಡಲಾಗದ ಕಡೆ ಈ ಮಾತಿಗೆ ಇದ್ದ ಅರ್ಥ, ನಿಲ್ಲಿಸಬೇಡಿ ಅಂತಲೇ.

ರಾತ್ರಿ ಪಾಳಿಯ ಪ್ರಶ್ನೆ

ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಇಲ್ಲಿ. ಜೂನ್ ಕೊನೆಯಲ್ಲಿ ಶೈಲಜಾ ಸ್ಟೇಷನ್‌ಗೆ ಹೋಗಿದ್ದಾಗ ಪಾಳಿಯ ಎಂಜಿನಿಯರ್ ಒಬ್ಬ ಕೇಳಿದ. ಬಸವರಾಜ ಅನ್ನೋಣ. ಡಿಪ್ಲೊಮಾ ಮುಗಿಸಿ ಮೂರು ವರ್ಷವಾಗಿರಬಹುದು.

'ಮೇಡಂ, ರಾತ್ರಿ ಬುಕೋಲ್ಜ್ ಅಲಾರಂ ಬಂದ್ರ ನಾನ ಟ್ರಿಪ್ ಮಾಡ್ಲೇನ್ರಿ, ಯಾರನ್ನರ ಕೇಳ್ಬೇಕೇನ್ರಿ?'

ಬುಕೋಲ್ಜ್ ರಿಲೇ ಅನ್ನುವುದು ಟ್ಯಾಂಕ್‌ಗೂ ಮೇಲಿನ ಸಣ್ಣ ಎಣ್ಣೆ ಟ್ಯಾಂಕ್ ಆದ ಕನ್ಸರ್ವೇಟರ್‌ಗೂ ನಡುವಿನ ಪೈಪಿನಲ್ಲಿರುತ್ತದೆ. ಒಳಗೆ ಹುಟ್ಟಿದ ಅನಿಲ ಮೇಲೇರಿ ಅಲ್ಲಿ ಸೇರುತ್ತದೆ. ಸ್ವಲ್ಪ ಸೇರಿದಾಗ ಅಲಾರಂ. ಎಣ್ಣೆ ರಭಸದಿಂದ ನುಗ್ಗಿದಾಗ ತಾನಾಗಿಯೇ ಟ್ರಿಪ್, ಅಂದರೆ ಟ್ರಾನ್ಸ್‌ಫಾರ್ಮರ್ ಲೈನಿನಿಂದ ಕಳಚಿಕೊಳ್ಳುತ್ತದೆ. ಅಲಾರಂಗೂ ಟ್ರಿಪ್‌ಗೂ ನಡುವೆ ಇರುವ ಹೊತ್ತು ಗಂಟೆಗಟ್ಟಲೆ ಇರಬಹುದು, ಕ್ಷಣವೂ ಇರಬಹುದು. ಅಷ್ಟರಲ್ಲಿ ಏನು ಮಾಡಬೇಕು ಅನ್ನುವುದು ಆ ಹುಡುಗನ ತಲೆಯ ಮೇಲಿತ್ತು. ಕೈಯಲ್ಲಿ ಅಧಿಕಾರ ಮಾತ್ರ ಇರಲಿಲ್ಲ.

ಶೈಲಜಾ ಅಲ್ಲೇ ಕೂತು ಕೈಬರಹದಲ್ಲಿ ಒಂದು ಆದೇಶ ಬರೆದರು. ಎರಡನೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಬುಕೋಲ್ಜ್ ಅಲಾರಂ ಬಂದರೆ ಪಾಳಿಯಲ್ಲಿರುವ ಎಂಜಿನಿಯರ್ ಯಾರನ್ನೂ ಕೇಳದೆ ಟ್ರಿಪ್ ಮಾಡಬೇಕು. ಆಮೇಲೆ ಗ್ರಿಡ್ ನಡೆಸುವ ಬೆಂಗಳೂರಿನ ಕೇಂದ್ರವಾದ ಲೋಡ್ ಡಿಸ್ಪ್ಯಾಚ್‌ಗೆ ತಿಳಿಸಬೇಕು, ನಂತರ ನನಗೆ. ಹೊಣೆ ನನ್ನದು. ಸಹಿ, ತಾರೀಖು, ಸಮಯ. ಎಂ.ಡಿ.ಗೂ ಕಮರ್ಷಿಯಲ್‌ಗೂ ಪ್ರತಿ ಕಳಿಸಿದರು. ಶಟ್‌ಡೌನ್‌ಗೆ ಸಹಿ ಬೇಕು ಅಂತ ಕಂಪನಿ ನಿಯಮದಲ್ಲಿತ್ತು. ತುರ್ತು ಸಂದರ್ಭದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಆ ಖಾಲಿ ಜಾಗವನ್ನು ಅವರು ತುಂಬಿದರು. ಪ್ರತಿ ತಲುಪಿದ ಮೇಲೆ ಯಾರೂ ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ.

ಜುಲೈನ ಒಂದು ರಾತ್ರಿ, ಎರಡು ಗಂಟೆ ದಾಟಿದ ಮೇಲೆ ಅಲಾರಂ ಬಂತು. ಪಾಳಿಯಲ್ಲಿದ್ದವನು ಬಸವರಾಜನೇ. ಗಾಳಿ ಪೂರ್ತಿ ಬೀಸುತ್ತಿತ್ತು. ಅವನು ಅಲಾರಂ ನಿಜವೋ ಸುಳ್ಳೋ ಅಂತ ಪ್ಯಾನಲ್ ನೋಡಿದ, ಬ್ರೇಕರ್ ತೆರೆದು ಟ್ರಾನ್ಸ್‌ಫಾರ್ಮರ್ ಕಳಚಿದ, ಲಾಗ್‌ಬುಕ್‌ನಲ್ಲಿ ಬರೆದ, ಬೆಂಗಳೂರಿಗೆ ಫೋನ್ ಮಾಡಿದ. 80 ಮೆಗಾವ್ಯಾಟ್ ಹೋಯಿತು.

ಬೆಳಗ್ಗೆ ಹತ್ತಕ್ಕೆಲ್ಲ ಮುಖ್ಯ ಕಚೇರಿಯಿಂದ ಅವನಿಗೆ ಕಾರಣ ಕೇಳಿ ನೋಟಿಸ್ ಸಿದ್ಧವಾಗಿತ್ತು. ಶೈಲಜಾ ಎಚ್‌ಆರ್‌ಗೆ ಫೋನ್ ಮಾಡಿ 'ಆದೇಶ ನನ್ನದು, ನೋಟಿಸೂ ನನ್ನ ಹೆಸರಿಗೆ ಬರಲಿ. ಆ ಹುಡುಗನಿಗೆ ಹೋದರೆ ನನ್ನ ರಾಜೀನಾಮೆಯೂ ಅದರ ಜೊತೆಗೇ ಬರುತ್ತೆ' ಅಂದರು. ನೋಟಿಸ್ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ನಾಯಕತ್ವದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ನೆನಪಿಲ್ಲ.

ಒಳಗೆ ಸಿಕ್ಕಿದ್ದು

ಎಣ್ಣೆ ಇಳಿಸಿ, ಒಣ ಗಾಳಿ ತುಂಬಿಸುತ್ತ ಮ್ಯಾನ್‌ಹೋಲ್ ತೆಗೆದು ಒಬ್ಬರು ಒಳಗಿಳಿದರು. ಒಂದು ಫೇಸಿನ ಲೀಡ್ (ಸುರುಳಿಯಿಂದ ಹೊರಬರುವ ತಂತಿ) ಜೋಡಣೆಯಲ್ಲಿ ಬೋಲ್ಟ್ ಸಡಿಲ. ಬೆರಳಲ್ಲಿ ತಿರುಗಿಸಿದರೆ ತಿರುಗುತ್ತಿತ್ತು. ತಂತಿಯ ತುದಿಯ ತಾಮ್ರದ ಲಗ್ ನೀಲಿಗಟ್ಟಿತ್ತು. ಸುತ್ತಿದ ಕಾಗದ ಕಪ್ಪಾಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಇನ್ನು ಸ್ವಲ್ಪ ಕಾಗದ ಹೋಗಿದ್ದರೆ ಲೀಡ್‌ನಿಂದ ಟ್ಯಾಂಕ್‌ಗೇ ಕಿಡಿ ಹಾರುವ ಸ್ಥಿತಿ. ಸುರುಳಿಗಳಿಗೆ ಏನೂ ಆಗಿರಲಿಲ್ಲ. ಜೋಡಣೆ ಸರಿಮಾಡಿ, ಕಾಗದ ಹೊಸದಾಗಿ ಸುತ್ತಿ, ಎಣ್ಣೆ ಸೋಸಿ, ಪರೀಕ್ಷೆಗಳೆಲ್ಲ ಮುಗಿದು ಮತ್ತೆ ಚಾರ್ಜ್ ಮಾಡಲು ಮೂರು ವಾರ ಹಿಡಿಯಿತು. ಆ ಮೂರು ವಾರದ ನಷ್ಟ ಸಣ್ಣದಲ್ಲ. ಮೇ ಕೊನೆಯಲ್ಲೇ ಒಪ್ಪಿದ್ದರೆ ನಷ್ಟ ಕಡಿಮೆಯಾಗುತ್ತಿತ್ತು, ಆಗಿನ್ನೂ ಗಾಳಿ ಏರಿರಲಿಲ್ಲ.

ಆ ಸುಟ್ಟ ಕಾಗದದ ಫೋಟೋ ನಿರ್ದೇಶಕರ ಸಭೆಗೆ ಹೋಯಿತು. ಮೊದಲು ತಕರಾರು ತೆಗೆದಿದ್ದ ನಿರ್ದೇಶಕರೇ, ಆಪರೇಷನ್ಸ್ ನೇರ ಎಂ.ಡಿ.ಗೆ ವರದಿ ಮಾಡಲಿ ಅಂತ ಹೇಳಿದರು. ಸುರಕ್ಷತೆಯ ಕಾರಣಕ್ಕೆ ನಿಲ್ಲಿಸುವ ಅಧಿಕಾರ ಪಾಳಿಯ ಎಂಜಿನಿಯರ್ ತನಕ ಬರಹದಲ್ಲಿ ಇಳಿಯಿತು. ಒಳ್ಳೆಯ ಮನಸ್ಸಿನಿಂದ ನಿಲ್ಲಿಸಿದವನಿಗೆ, ಆಮೇಲೆ ಅದು ಸುಳ್ಳು ಅಲಾರಂ ಅಂತ ಗೊತ್ತಾದರೂ, ಶಿಕ್ಷೆ ಇಲ್ಲ ಅನ್ನುವ ಸಾಲೂ ಸೇರಿತು. ಈ ಸಾಲಿಗೇ ನನ್ನ ಮೆಚ್ಚುಗೆ ಹೆಚ್ಚು. ಅದಿಲ್ಲದಿದ್ದರೆ ಅಧಿಕಾರ ಕಾಗದದ ಮೇಲಷ್ಟೇ ಇರುತ್ತದೆ.

ಬೋನಸ್ ಕಥೆ ಅಷ್ಟು ಚೆನ್ನಾಗಿ ಮುಗಿಯಲಿಲ್ಲ. ಲಭ್ಯತೆ ಇಳಿದಿದ್ದರಿಂದ ಆ ವರ್ಷ ಶೈಲಜಾ ಅವರಿಗೆ ಬೋನಸ್‌ನ ಬಹುಪಾಲು ಕೈತಪ್ಪಿತು. ಕರಾರಿನಲ್ಲಿದ್ದ ಹಾಗೇ ಲೆಕ್ಕ ಹಾಕಿದ್ದೇವೆ ಅಂತ ಕಂಪನಿ ಹೇಳಿತು. ನನಗೆ ಇದು ಸರಿ ಕಾಣಲಿಲ್ಲ, ಎಂ.ಡಿ.ಗೆ ಹಾಗೇ ಹೇಳಿದೆ. ಮರುವರ್ಷದಿಂದ ಅಳತೆ ಬದಲಾಯಿತು: ಯೋಜಿಸಿ ನಿಲ್ಲಿಸಿದ ಹೊತ್ತನ್ನು ಲಭ್ಯತೆಯಿಂದ ಕಳೆಯುವುದಿಲ್ಲ, ಮುನ್ಸೂಚನೆ ಸಿಕ್ಕ ದೋಷವನ್ನು ಎಷ್ಟು ಬೇಗ ಸರಿಪಡಿಸಿದರು ಅನ್ನುವುದಕ್ಕೂ ಅಂಕ. ಹೋದ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಇದರಿಂದ ನಾನು ಕೆಲಸದಲ್ಲಿ ಬದಲಿಸಿಕೊಂಡಿದ್ದು

ಅಭ್ಯರ್ಥಿಗಳಿಗೆ ಈಗ ಹೇಳುತ್ತೇನೆ: ಹುದ್ದೆಯ ಹೆಸರು, ಸಂಬಳ ಆಮೇಲೆ. ಶಟ್‌ಡೌನ್‌ಗೆ ಯಾರ ಸಹಿ, ತುರ್ತಿನಲ್ಲಿ ಯಾರು ತೀರ್ಮಾನಿಸುತ್ತಾರೆ, ಬೋನಸ್ ಯಾವುದರ ಮೇಲೆ ನಿಂತಿದೆ, ಇಷ್ಟನ್ನು ಸಹಿ ಹಾಕುವ ಮೊದಲೇ ಕೇಳಿ, ಬರಹದಲ್ಲಿ ತಗೊಳ್ಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಕಂಪನಿಯ ಬಗ್ಗೆ ಅಲ್ಲೇ ಅರ್ಧ ಗೊತ್ತಾಗುತ್ತದೆ. ಪ್ರಾಜೆಕ್ಟ್ ಕಡೆಯಿಂದ ಬಂದು ಆಪರೇಷನ್ಸ್ ಮುಖ್ಯಸ್ಥರಾಗಲು ಬಯಸುವವರಿಗೆ ಒಂದು ಮಳೆಗಾಲ ಪೂರ್ತಿ ಸ್ಟೇಷನ್ ಪಾಳಿಯವರ ಜೊತೆ ಇದ್ದು ಬನ್ನಿ ಅನ್ನುತ್ತೇನೆ. ಅಂದು ಹುದ್ದೆ ತಪ್ಪಿದ ಪ್ರಾಜೆಕ್ಟ್ ಹೆಡ್ ಹಾಗೇ ಮಾಡಿದರು. ಈಗ ಅವರು ಬೇರೊಂದು ಕಂಪನಿಯಲ್ಲಿ ಸೋಲಾರ್ ಘಟಕಗಳ ಆಪರೇಷನ್ಸ್ ನೋಡಿಕೊಳ್ಳುತ್ತಿದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.

ಕಂಪನಿಗಳಿಗೆ ಹೇಳುವುದು ಇಷ್ಟೇ. ಮಾರುವವರ ಕೆಳಗೆ ನಡೆಸುವವರನ್ನು ಇಡಬೇಡಿ, ಇಬ್ಬರ ಜಗಳವೂ ಎಂ.ಡಿ. ಮೇಜಿನ ತನಕ ಬರುವ ಹಾಗಿರಲಿ. ಬಂದಾಗ ಎಂ.ಡಿ. ತೀರ್ಮಾನ ಕೊಡಲಿ.

ಶೈಲಜಾ ಅದೇ ಕಂಪನಿಯಲ್ಲಿದ್ದಾರೆ. ಮೂರನೇ ಟ್ರಾನ್ಸ್‌ಫಾರ್ಮರ್ ಕೊಳ್ಳುವ ಅವರ ಪ್ರಸ್ತಾವ ಇನ್ನೂ ಪಾಸಾಗಿಲ್ಲ. ಪ್ರತಿ ಸಭೆಯಲ್ಲೂ ಅದನ್ನು ಮತ್ತೆ ಇಡುತ್ತಿದ್ದಾರೆ. ಬಸವರಾಜ ಈಗ ಪಾಳಿಗಳ ಉಸ್ತುವಾರಿ. ಕೆಲಸದ ಜೊತೆಗೇ ಬಿಇ ಓದಲು ಕಂಪನಿ ಫೀಸು ಕಟ್ಟುತ್ತಿದೆ. ಹೊಸದಾಗಿ ಸೇರುವ ಹುಡುಗರಿಗೆ ಮಾದರಿ ತೆಗೆಯುವುದನ್ನು, ಅಲಾರಂ ಬಂದಾಗ ಏನು ಮಾಡಬೇಕು ಅನ್ನುವುದನ್ನು ಅವನೇ ಕಲಿಸುತ್ತಾನೆ.